ಬ್ಯಾಂಡೇಜ್ ಬಿಗಿಯಾಗಿದೆಯಾ ಎಂದು ಕೇಳಿದಾಗ

ಮೊದಲು ಬಂದದ್ದು ಆಕಳಿಕೆ.

ಆಪರೇಷನ್ ಥಿಯೇಟರಿನ ಮೇಜಿನ ಮೇಲೆ ಮಲಗಿದ್ದೆ. ಬೆನ್ನಿಗೆ ಸ್ಪೈನಲ್ ಇಂಜೆಕ್ಷನ್ ಕೊಟ್ಟು ಎರಡು ಮೂರು ನಿಮಿಷವಾಗಿತ್ತೇನೋ. ಕಾಲುಗಳು ಬೆಚ್ಚಗಾದವು, ಭಾರವಾದವು, ಆಮೇಲೆ ನನ್ನವೇ ಅಲ್ಲ ಎನ್ನುವಂತಾದವು. ಅಷ್ಟರಲ್ಲಿ ದೊಡ್ಡದೊಂದು ಆಕಳಿಕೆ. ಹಿಂದಿನ ರಾತ್ರಿ ನಿದ್ದೆ ಬಂದಿರಲಿಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ. ಇನ್ನೊಂದು ಬಂತು. ಇಷ್ಟು ಜನ ನನಗಾಗಿ ನಿಂತಿರುವಾಗ ನಾನು ಆಕಳಿಸುತ್ತ ಮಲಗಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ತಲೆಯ ಹತ್ತಿರ ನಿಂತಿದ್ದ ಅರಿವಳಿಕೆ ಡಾಕ್ಟರ್ ಮಾತ್ರ ತಟ್ಟನೆ ಮಾನಿಟರ್ ಕಡೆ ತಿರುಗಿದರು.

"ರೂಪಾ, ಹೇಗನಿಸ್ತಿದೆ?"

"ಏನೋ ಒಂಥರಾ ಆಗ್ತಿದೆ ಮೇಡಂ."

ಆ ಒಂಥರಾ ಎನ್ನುವುದಕ್ಕೆ ನನಗೆ ಇವತ್ತಿಗೂ ಸರಿಯಾದ ಮಾತು ಸಿಕ್ಕಿಲ್ಲ. ಹೊಟ್ಟೆ ತೊಳಸಿತು. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಮೇಲಿದ್ದ ದೊಡ್ಡ ದೀಪ ಮಂಕಾಗುತ್ತ ಹೋಯಿತು. ಉಸಿರು ಒಳಗೆ ಹೋಗುತ್ತಿದೆ, ಆದರೆ ಸಾಲುತ್ತಿಲ್ಲ. ನೋವಿಲ್ಲ. ಒಂಚೂರೂ ನೋವಿಲ್ಲ. ಏನೂ ನೋಯದೆಯೇ ಮನುಷ್ಯ ಹೀಗೆ ಜಾರಿಹೋಗಬಹುದು ಎಂದು ಅಲ್ಲಿಯವರೆಗೆ ನನಗೆ ತಿಳಿದೇ ಇರಲಿಲ್ಲ.

"ಸಿಸ್ಟಾಲಿಕ್ ಅರವತ್ತೆಂಟು," ಎಂದು ಯಾರೋ ಹೇಳಿದರು.

ನೂರರ ಮೇಲಿರಬೇಕಾದ ಬಿಪಿ ಯಾಕೆ ಇಳಿಯಿತು ಎಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಆ ಹೊತ್ತಿನಲ್ಲಿ ನಾನು ಹಾಗೆಯೇ ನಂಬಿದ್ದೆ.

ಇದೆಲ್ಲ ಆಗಿ ಆರು ವಾರವಾಯಿತು. ಬರೆಯುವುದು ಈಗಲೂ ಸುಲಭವಿಲ್ಲ. ಆದರೂ ಹೇಳುತ್ತೇನೆ, ನನ್ನ ತಪ್ಪನ್ನೂ ಸೇರಿಸಿ.

ನನಗೆ ಮೂವತ್ತಮೂರು ವರ್ಷ. ಮಲ್ಲೇಶ್ವರಂನ ಒಂದು ಶಾಲೆಯಲ್ಲಿ ವಿಜ್ಞಾನ ಟೀಚರ್. ಗಂಡ ಲೋಕೇಶ್ ಚಿಕ್ಕಪೇಟೆಯ ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ನಮ್ಮ ಮನೆ ವೈಯಾಲಿಕಾವಲ್‌ನಲ್ಲಿ. ಚೊಚ್ಚಲ ಹೆರಿಗೆಯಾದ್ದರಿಂದ ಏಳನೇ ತಿಂಗಳಿಗೇ ಮಲ್ಲೇಶ್ವರಂ ಮಾರ್ಕೆಟ್ಟಿನ ಹಿಂದಿರುವ ತವರಿಗೆ ಬಂದಿದ್ದೆ. ಅಲ್ಲಿ ಅಮ್ಮ ಒಬ್ಬಳೇ. ಮೂರು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಮೂವತ್ತು ವರ್ಷದಿಂದ ಅದೇ ಕೆಲಸ. ಮದುವೆ ಸೀಸನ್ ಬಂತೆಂದರೆ ಆ ಕೋಣೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತಾನು ಹಾಕಿದ ಗಂಟು ಸೀರೆ ಹರಿದರೂ ಬಿಚ್ಚುವುದಿಲ್ಲ ಎಂದು ಬಂದವರ ಮುಂದೆಲ್ಲ ಜಂಬ ಕೊಚ್ಚಿಕೊಳ್ಳುತ್ತಾಳೆ. ಆ ಜಂಬ ಸುಳ್ಳೂ ಅಲ್ಲ.

ಒಂಬತ್ತನೇ ತಿಂಗಳಲ್ಲೂ ಮಗು ತಲೆ ಮೇಲಾಗಿಯೇ ಕೂತಿತ್ತು. ಸಿಸೇರಿಯನ್ ಎಂದು ದಿನ ಗೊತ್ತಾಯಿತು. ಹಿಂದಿನ ದಿನ ಅರಿವಳಿಕೆ ಡಾಕ್ಟರ್ ನನ್ನನ್ನೂ ಲೋಕೇಶರನ್ನೂ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದರು. ಕುಳ್ಳಗಿನ ಹೆಂಗಸು, ಮೆಲುದನಿ, ಅವಸರವೇ ಇಲ್ಲ.

"ಸ್ಪೈನಲ್ ಕೊಟ್ಟಾಗ ಸೊಂಟದ ಕೆಳಗಿನ ರಕ್ತನಾಳಗಳು ಸಡಿಲ ಆಗ್ತವೆ. ರಕ್ತ ಕಾಲಲ್ಲೇ ನಿಂತ್ಬಿಡುತ್ತೆ, ಹಾರ್ಟಿಗೆ ವಾಪಸ್ ಬರೋದು ಕಮ್ಮಿ ಆಗುತ್ತೆ. ಆಗ ಬಿಪಿ ಇಳಿಯುತ್ತೆ. ನಿಮಗೆ ವಾಂತಿ, ತಲೆಸುತ್ತು. ಜಾಸ್ತಿ ಹೊತ್ತು ಹಾಗೇ ಇದ್ರೆ ಮಗುವಿಗೆ ಹೋಗೋ ರಕ್ತನೂ ಕಮ್ಮಿ ಆಗುತ್ತೆ. ತುಂಬಾ ಜನಕ್ಕೆ ಹೀಗಾಗುತ್ತೆ, ಹೆದರ್ಬೇಡಿ. ಇಳಿಯೋಕ್ ಮುಂಚೆನೇ ತಡೆಯೋಕೆ ನೋಡ್ತೀವಿ."

ತಡೆಯುವುದು ಹೇಗೆ ಎಂದೂ ಹೇಳಿದರು. ಇಂಜೆಕ್ಷನ್ ಕೊಡುತ್ತಿದ್ದಂತೆಯೇ ಡ್ರಿಪ್ ಜೋರಾಗಿ ಬಿಡುತ್ತಾರೆ. ಬಿಪಿ ಏರಿಸುವ ಔಷಧಿಯನ್ನೂ ಆಗಲೇ ಶುರು ಮಾಡುತ್ತಾರೆ. ಹೊಟ್ಟೆಯ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳದ ಹಾಗೆ ಬಲ ಸೊಂಟದ ಕೆಳಗೆ ದಿಂಬಿಟ್ಟು ಎಡಕ್ಕೆ ವಾಲಿಸುತ್ತಾರೆ. ಇವುಗಳ ಜೊತೆ, ರಕ್ತ ಕಾಲಿನಲ್ಲಿ ಇಳಿದು ನಿಲ್ಲಬಾರದೆಂದು ಎರಡೂ ಕಾಲಿಗೆ ಪಾದದಿಂದ ತೊಡೆಯವರೆಗೆ ಎಳೆದರೆ ಹಿಗ್ಗುವ ಬಿಳಿ ಕ್ರೇಪ್ ಬ್ಯಾಂಡೇಜನ್ನು ಬಿಗಿಯಾಗಿ ಸುತ್ತುತ್ತಾರೆ.

ನನಗೆ ಎಲ್ಲವೂ ಅರ್ಥವಾಯಿತು. ಮನೆಗೆ ಬಂದಾಗ ಅಮ್ಮ, "ಡಾಕ್ಟ್ರು ಏನಂದ್ರು?" ಎಂದು ಕೇಳಿದಳು.

"ಏನಿಲ್ಲಮ್ಮ, ನಾಳೆ ಬೆಳಿಗ್ಗೆ ಏಳಕ್ಕೆ ಬನ್ನಿ ಅಂದ್ರು," ಎಂದೆ. ಅಷ್ಟೇ ಹೇಳಿದ್ದು.

ಮರುದಿನ ಬೆಳಿಗ್ಗೆ ನಾನೂ ಲೋಕೇಶರೂ ಮೊದಲು ಹೋದೆವು. ಅಮ್ಮ ಮನೆಯಲ್ಲಿ ಒಂದಿಷ್ಟು ಕೆಲಸವಿದೆ, ಹಿಂದೆಯೇ ಬರುತ್ತೇನೆ ಎಂದಳು. ಆ ಕೆಲಸ ಏನೆಂದು ನನಗೆ ಗೊತ್ತಿತ್ತು. ಹೆರಿಗೆಯ ದಿನ ಮನೆಯಲ್ಲಿ ಒಂದು ಗಂಟೂ ಉಳಿಯಬಾರದು, ಒಂದು ಬೀಗವೂ ಹಾಕಿರಬಾರದು ಎನ್ನುವುದು ಅಜ್ಜಿಯಿಂದ ಅಮ್ಮನಿಗೆ ಬಂದ ನಂಬಿಕೆ. ಗಂಟು ಉಳಿದರೆ ಮಗು ಬರುವುದು ಕಷ್ಟವಂತೆ. ನಮ್ಮ ಚಿಕ್ಕಮ್ಮನ ಹೆರಿಗೆಗೂ ಹೀಗೇ ಮಾಡಿದ್ದರಂತೆ. ಕುಚ್ಚು ಕಟ್ಟಿಯೇ ಬದುಕುವವಳ ಮನೆಯಲ್ಲಿ ಗಂಟಿಗೆ ಬರವೇ? ಅರ್ಧ ಆಗಿದ್ದ ನಾಲ್ಕು ಸೀರೆಗಳ ಕುಚ್ಚನ್ನು ಅಮ್ಮ ಅವತ್ತು ಒಂದೊಂದಾಗಿ ಬಿಚ್ಚಿದಳು. ಟ್ರಂಕಿನ ಬೀಗ ತೆಗೆದಳು, ಬೀರು ತೆರೆದಿಟ್ಟಳು, ಮೂಟೆ ಕಟ್ಟಿದ್ದ ಹಳೇ ಬಟ್ಟೆಗಳನ್ನು ಹರಡಿದಳು. ತುರುಬನ್ನೂ ಬಿಚ್ಚಿ, ಬರೀ ಒಂದು ಕ್ಲಿಪ್ ಹಾಕಿಕೊಂಡು ಆಸ್ಪತ್ರೆಗೆ ಬಂದಳು.

"ಅಲ್ಲಮ್ಮ, ಸಿಸೇರಿಯನ್‌ಗೆ ಎಂಥ ಗಂಟು? ಕುಯ್ದು ತೆಗೀತಾರೆ," ಎಂದು ರೇಗಿಸಿದೆ.

"ಹೆಂಗಾದ್ರೂ ಮಗು ಬರ್ಬೇಕಲ್ಲ, ಸುಮ್ನಿರು," ಎಂದಳು.

ಅಷ್ಟರಲ್ಲಾಗಲೇ ಸಿಸ್ಟರ್ ನನ್ನ ಎರಡೂ ಕಾಲಿಗೆ ಬ್ಯಾಂಡೇಜ್ ಸುತ್ತಿ, ಟೇಪ್ ಹಚ್ಚಿ, "ಇದನ್ನ ಮುಟ್ಬೇಡಿ ಮೇಡಂ" ಎಂದು ಹೇಳಿ ಫೈಲ್ ತರಲು ಹೋಗಿದ್ದರು. ಲೋಕೇಶ್ ಕೆಳಗೆ ಫಾರ್ಮ್ ತುಂಬಿಸುತ್ತಿದ್ದರು. ಕೋಣೆಯಲ್ಲಿ ನಾವಿಬ್ಬರೇ. ಊದಿದ ಪಾದಗಳು ಬಿಗಿಯಲ್ಲಿ ಸಿಡಿಯುತ್ತಿದ್ದವು. ನಾನು ಸರಿದು ಮಲಗಲು ಹೋದಾಗ ಹೊದಿಕೆ ಜಾರಿತು.

ಅಮ್ಮನ ಮುಖ ಬಿಳಚಿಕೊಂಡಿತು.

"ಇದೇನೇ ಇದು? ಬಸುರಿ ಕಾಲಿಗೆ ಯಾರಾದ್ರೂ ಬಿಳಿ ಬಟ್ಟೆ ಸುತ್ತಾರಾ?"

ಅವಳಿಗೆ ಏನು ಕಂಡಿತೆಂದು ನನಗೆ ಕೂಡಲೇ ತಿಳಿಯಿತು. ಅಪ್ಪ ತೀರಿಕೊಂಡಾಗ ಅವರನ್ನು ಮಲಗಿಸಿ ಬಿಳಿ ಬಟ್ಟೆಯಿಂದ ಕಾಲು ಕಟ್ಟಿದ್ದನ್ನು ನಾವಿಬ್ಬರೂ ಪಕ್ಕದಲ್ಲಿ ಕೂತು ನೋಡಿದ್ದೆವು. ಅಮ್ಮನ ಕಣ್ಣು ತುಂಬಿತು. ಆಗಲಾದರೂ ನಾನು ಸರಿಯಾಗಿ ಹೇಳಬಹುದಿತ್ತು.

"ಅದೇನೋ ಬಿಪಿಗಂತಮ್ಮ," ಎಂದೆ.

"ಕಾಲಲ್ಲಿ ಎಂಥ ಬಿಪಿ? ನೋಯ್ತಿದೆಯಾ?"

"ಹೂಂ. ತುಂಬಾ ಬಿಗಿ."

ಅಮ್ಮನಿಗೆ ಅಷ್ಟು ಸಾಕಾಯಿತು. ಬಾಗಿಲ ಕಡೆ ಒಮ್ಮೆ ನೋಡಿದಳು. ಉಗುರಿನಿಂದ ಟೇಪ್ ಎಬ್ಬಿಸಿದಳು. ಸರಸರನೆ ಎರಡೂ ಕಾಲಿನ ಬ್ಯಾಂಡೇಜ್ ಬಿಚ್ಚಿ, ಪಾದ ಒತ್ತಿದಳು. ಅಬ್ಬಾ, ಎಷ್ಟು ಹಾಯೆನಿಸಿತು! ಬೇಡಮ್ಮ ಎಂದು ನಾನು ಬಾಯಿಮಾತಿಗೂ ಹೇಳಲಿಲ್ಲ. ಆಮೇಲೆ ಅವಳೇ ಮತ್ತೆ ಸುತ್ತಿದಳು, ಸಡಿಲವಾಗಿ. ಸುತ್ತಿನ ಮೇಲೆ ಸುತ್ತು ಒಂದೇ ಅಳತೆಯಲ್ಲಿ ಕೂರಿಸಿ, ಕೊನೆಯ ತುದಿಯನ್ನು ಒಳಗೆ ಸಿಕ್ಕಿಸಿ, ಮೇಲೆ ಹಳೇ ಟೇಪನ್ನೇ ಅಂಟಿಸಿದಳು. ನೋಡಲು ಸಿಸ್ಟರ್ ಸುತ್ತಿದ್ದಕ್ಕಿಂತ ಅಂದವಾಗಿತ್ತು. ಅದೇ ಕೆಟ್ಟದಾಯಿತು. ವಕ್ರವಾಗಿದ್ದರೆ ಯಾರಾದರೂ ಅನುಮಾನ ಪಡುತ್ತಿದ್ದರೇನೋ.

ಥಿಯೇಟರಿನಲ್ಲಿ ಇಂಜೆಕ್ಷನ್ನಿಗೆ ಮುಂಚೆ ಡಾಕ್ಟರ್ ಹೊದಿಕೆ ಸರಿಸಿ ಕಾಲಿನ ಕಡೆ ಕಣ್ಣು ಹಾಯಿಸಿದರು.

"ಬ್ಯಾಂಡೇಜ್ ಬಿಗಿಯಾಗಿದೆಯಾ ರೂಪಾ?"

"ಹೂಂ ಮೇಡಂ."

ಯಾಕೆ ಹಾಗಂದೆ? ನಿಜ ಹೇಳಿದರೆ ಅಮ್ಮನಿಗೆ ಎಲ್ಲರೆದುರು ಬೈಗುಳ ಬೀಳುತ್ತದೆ ಎಂಬ ಭಯವಿತ್ತು. ಮತ್ತೆ ಕಟ್ಟುತ್ತಾರೆ, ಮತ್ತೆ ನೋಯುತ್ತದೆ ಎಂಬ ಭಯವೂ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನಿನ್ನೆ ಅಷ್ಟು ತಿಳಿದವಳ ಹಾಗೆ ತಲೆಯಾಡಿಸಿದ್ದ ಟೀಚರಮ್ಮ ಇವತ್ತು ಅಮ್ಮನ ಕೈಲಿ ಬ್ಯಾಂಡೇಜ್ ಬಿಚ್ಚಿಸಿಕೊಂಡಳು ಎನಿಸಿಕೊಳ್ಳುವುದು ಬೇಡವಾಗಿತ್ತು.

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ಆಕಳಿಕೆ. ಅರವತ್ತೆಂಟು. ಯಾರೋ ನನ್ನ ತಲೆಯನ್ನು ಪಕ್ಕಕ್ಕೆ ತಿರುಗಿಸಿ ಬಾಯಿಯ ಹತ್ತಿರ ಟ್ರೇ ಹಿಡಿದರು. ಖಾಲಿ ಹೊಟ್ಟೆಯಿಂದ ಹಳದಿ ನೀರು ಬಂತು. ಮುಖಕ್ಕೆ ಆಕ್ಸಿಜನ್ ಮಾಸ್ಕ್. "ಇನ್ನೊಂದು ಡೋಸ್ ಕೊಡ್ತಿದೀನಿ. ಟೇಬಲ್ ಎಡಕ್ಕೆ ಇನ್ನೂ ವಾಲಿಸಿ. ಕಾಲು ಎತ್ತಿ ಹಿಡೀರಿ." ಆ ಮೆಲುದನಿಯ ಡಾಕ್ಟರ್ ಈಗ ಗಟ್ಟಿಯಾಗಿ, ಒಂದೊಂದು ಪದವನ್ನೂ ಬಿಡಿಬಿಡಿಯಾಗಿ ಹೇಳುತ್ತಿದ್ದರು.

ಹೇಳಿಬಿಡಬೇಕು ಎನಿಸಿತು. ಮೇಡಂ, ಬ್ಯಾಂಡೇಜ್ ಸಡಿಲವಿದೆ. ಮೂರೇ ಪದ. ನಾಲಿಗೆ ಏಳಲಿಲ್ಲ.

ಮಗುವಿನ ಹಾರ್ಟ್ ರೇಟ್ ಎಂದು ಯಾರೋ ಏನೋ ಹೇಳಿದರು. ಬೇಗ ತೆಗೀತೀನಿ ಎಂದು ಪರದೆಯ ಆಚೆಯಿಂದ ಹೆರಿಗೆ ಡಾಕ್ಟರ್ ಹೇಳಿದರು. ಹೊಟ್ಟೆಯನ್ನು ಯಾರೋ ಜಗ್ಗಿದ ಹಾಗೆ. ನಾನು ದೇವರನ್ನು ನೆನೆಯಲಿಲ್ಲ. ನನ್ನ ಸುಳ್ಳಿಗೆ ನನ್ನನ್ನು ಏನು ಬೇಕಾದರೂ ಮಾಡಿ, ಮಗುವನ್ನು ಬಿಟ್ಟುಬಿಡಿ ಎಂದು ಯಾರಿಗೋ ಹೇಳುತ್ತಿದ್ದೆ. ಯಾರಿಗೆಂದು ನನಗೇ ಗೊತ್ತಿಲ್ಲ.

ಮಗುವನ್ನು ತೆಗೆದರು. ಅಳು ಕೇಳಲಿಲ್ಲ.

ಮಕ್ಕಳ ಡಾಕ್ಟರ್ ಮೂಲೆಯಲ್ಲಿ ಬೆನ್ನು ಮಾಡಿ ನಿಂತು ಏನೋ ಮಾಡುತ್ತಿದ್ದರು. ಅಷ್ಟು ಹೊತ್ತಿಗೆ ನನ್ನ ಕಿವಿ ತಿಳಿಯಾಗಿತ್ತು, ದೀಪ ಮತ್ತೆ ಬೆಳ್ಳಗಾಗಿತ್ತು. "ನೂರಾ ಎರಡು. ಬಂತು," ಎಂದು ತಲೆಯ ಹತ್ತಿರ ಹೇಳಿದರು. ನನ್ನ ಬಿಪಿ ಬಂದು ನನಗೇನಾಗಬೇಕು? ಆ ಬೆನ್ನನ್ನೇ ನೋಡುತ್ತಿದ್ದೆ. ಎಷ್ಟು ಹೊತ್ತಾಯಿತೋ. ಒಂದು ನಿಮಿಷವೇ ಇರಬಹುದು.

ಕೊನೆಗೆ ಅತ್ತಿತು. ಸಣ್ಣ ದನಿ, ಸಿಟ್ಟಿನ ದನಿ. ಹೆಣ್ಣು ಮಗು.

ಉಸಿರು ಸ್ವಲ್ಪ ಜೋರಿದೆ ಎಂದು ಒಂದು ದಿನ ಎನ್‌ಐಸಿಯುನಲ್ಲಿ ಇಟ್ಟುಕೊಂಡರು. ನನ್ನನ್ನು ವಾರ್ಡಿಗೆ ತಂದರು. ಪಕ್ಕದ ಬೆಡ್ಡಿನವರ ತೊಟ್ಟಿಲಲ್ಲಿ ಮಗುವಿತ್ತು, ನನ್ನ ಪಕ್ಕದ ತೊಟ್ಟಿಲು ಖಾಲಿ. ಅಮ್ಮ ಬಂದು ನನ್ನ ಹಣೆ ಮುಟ್ಟಿ, "ನೋಡಿದ್ಯಾ, ಎಲ್ಲಾ ಗಂಟೂ ಬಿಚ್ಚಿದ್ದಕ್ಕೆ ಕಷ್ಟ ಇಲ್ದೆ ಬಂತು," ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು.

"ಕಷ್ಟ ಇಲ್ದೆನಾ? ನೀನು ಬಿಚ್ಚಿದ್ದಕ್ಕೇ ನನ್ನ ಬಿಪಿ ಬಿದ್ದೋಯ್ತು. ಮಗು ಅಳ್ಲಿಲ್ಲ. ಗೊತ್ತಾ ನಿಂಗೆ? ನಿನ್ನ ಗಂಟಿನ ಹುಚ್ಚಿಗೆ ಮಗು ಹೋಗ್ಬಿಡ್ತಿತ್ತು."

ಅಮ್ಮ ಹಣೆಯ ಮೇಲಿದ್ದ ಕೈಯನ್ನು ನಿಧಾನವಾಗಿ ತೆಗೆದುಕೊಂಡಳು. ಲೋಕೇಶ್, "ರೂಪಾ, ಈಗ್ಯಾಕೆ ಅದೆಲ್ಲಾ, ಸುಮ್ನೆ ಮಲಗು," ಎಂದರು. ಹೇಳಿದ್ದಕ್ಕೆ ನನಗೆ ಆಗ ಪಶ್ಚಾತ್ತಾಪವಿರಲಿಲ್ಲ. ತಕ್ಕ ಶಾಸ್ತಿಯಾಯಿತು ಅನ್ನಿಸಿತ್ತು. ಅಷ್ಟು ಕೆಟ್ಟವಳಾಗಿದ್ದೆ ಅವತ್ತು.

ಮರುದಿನ ಸಂಜೆ ಮಗುವನ್ನು ಕೈಗೆ ಕೊಟ್ಟರು. ಹಾಲು ಕುಡಿಯಿತು. ಐದನೇ ದಿನ ತವರಿಗೆ ಬಂದೆವು. ಬಾಣಂತನದಲ್ಲಿ ಅಮ್ಮ ಏನೂ ಕೊರತೆ ಮಾಡಲಿಲ್ಲ. ಹೊತ್ತಿಗೆ ಸರಿಯಾಗಿ ಮೆಣಸಿನ ಸಾರು, ಬೆಳ್ಳುಳ್ಳಿ ಹುರಿದದ್ದು, ಬಿಸಿ ಅನ್ನ. ನನ್ನ ಬಟ್ಟೆ, ಮಗುವಿನ ಬಟ್ಟೆ ಒಗೆದು ಒಣಗಿಸಿ ಮಡಚಿಡುತ್ತಿದ್ದಳು. ಆದರೆ ಮಗುವನ್ನು ಮುಟ್ಟಲಿಲ್ಲ. ನೀರು ಹಾಕಲು ಬೇರೆಯವರನ್ನು ಗೊತ್ತು ಮಾಡಿದಳು. ಮಗು ಅತ್ತರೆ ಬಾಗಿಲವರೆಗೆ ಬಂದು ನಿಂತು, "ಎತ್ಕೋ, ಅಳ್ತಿದೆ," ಎನ್ನುತ್ತಿದ್ದಳು. ಲೋಕೇಶ್ ಒಂದು ಸಲ ಮಗುವನ್ನು ಅವಳ ಕಡೆ ಚಾಚಿದರು. ಕೈ ಒದ್ದೆ ಇದೆ ಎಂದು ಒಳಗೆ ಹೋದಳು. ಒದ್ದೆ ಇರಲಿಲ್ಲ.

ಮೊದಲೆರಡು ದಿನ ಸಿಟ್ಟಿನಲ್ಲಿ ನಾನು ಇದನ್ನು ಗಮನಿಸಲೇ ಇಲ್ಲ. ಮೂರನೇ ದಿನದಿಂದ ಕಣ್ಣಿಗೆ ಬೀಳತೊಡಗಿತು.

ಹನ್ನೆರಡನೇ ದಿನ ಹೊಲಿಗೆ ತೋರಿಸಲು ಹೋದಾಗ ಮಗುವನ್ನು ಲೋಕೇಶರ ಕೈಗೆ ಕೊಟ್ಟು ಅರಿವಳಿಕೆ ಡಾಕ್ಟರನ್ನು ಹುಡುಕಿಕೊಂಡು ಹೋದೆ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಬ್ಯಾಂಡೇಜ್ ಬಿಚ್ಚಿದ್ದು, ಮತ್ತೆ ಸುತ್ತಿದ್ದು, ನಾನು ಹೂಂ ಅಂದದ್ದು. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಕುರ್ಚಿ ತೋರಿಸಿ ಕೂರಿಸಿದರು.

"ಅದರಿಂದಲೇ ಇಳೀತು ಅಂತ ನಾನು ಹೇಳಲ್ಲ ರೂಪಾ. ಬಿಗಿಯಾಗಿ ಕಟ್ಟಿದ್ರೂ ಕೆಲವರಿಗೆ ಇಳಿಯುತ್ತೆ. ಅದಕ್ಕೇ ನಾವು ಬ್ಯಾಂಡೇಜ್ ಒಂದನ್ನೇ ನಂಬಿ ಕೂರಲ್ಲ, ಡ್ರಿಪ್ಪು, ಔಷಧಿ, ದಿಂಬು ಎಲ್ಲಾ ಇಟ್ಕೊಂಡಿರ್ತೀವಿ. ಕಟ್ಟಿದ್ದು ಇದ್ದಿದ್ರೆ ಇಷ್ಟು ಇಳೀತಿರ್ಲಿಲ್ವೇನೋ. ಅಥವಾ ಇಳೀತಿತ್ತೇನೋ. ಅದು ನನಗೂ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ."

"ಹಾಗಾದ್ರೆ ಅಮ್ಮನ ತಪ್ಪಿಲ್ವಾ ಮೇಡಂ?"

"ನಿಮ್ಮಮ್ಮ ಬಿಚ್ಚಿದ್ದು ನನಗೆ ದೊಡ್ಡ ವಿಷಯ ಅಲ್ಲ. ನಾನು ಕೇಳ್ದಾಗ ಸಡಿಲ ಇದೆ ಅಂದಿದ್ರೆ ಎರಡು ನಿಮಿಷದಲ್ಲಿ ಮತ್ತೆ ಕಟ್ಟಿಸ್ತಿದ್ದೆ. ನೀವು ಹೂಂ ಅಂದ್ರಿ."

ಮಗು ಚೆನ್ನಾಗಿದೆಯಾ, ಹಾಲು ಸಾಕಾಗುತ್ತಿದೆಯಾ ಎಂದು ಕೇಳಿದರು. ಚೆನ್ನಾಗಿದೆ ಎಂದೆ. ಕೈ ಮುಗಿದು ಎದ್ದು ಬಂದೆ. ಆಟೋದಲ್ಲಿ ಲೋಕೇಶ್ ಏನಾಯಿತೆಂದು ಎರಡು ಸಲ ಕೇಳಿದರು. ಮನೆ ಮುಟ್ಟುವವರೆಗೂ ಅಳುತ್ತಲೇ ಇದ್ದೆ.

ಆ ಹನ್ನೆರಡು ದಿನ ನನ್ನ ತಪ್ಪನ್ನು ಅಮ್ಮನ ತಲೆಗೆ ಕಟ್ಟಿ ನಾನು ಬಿಸಿ ಅನ್ನ ಉಂಡಿದ್ದೆ. ಅವಳಿಗೆ ಭಯವಾಗಿತ್ತು, ನನಗೆ ನೋಯುತ್ತಿತ್ತು, ಅವಳ ಕೈಯಲ್ಲಿ ಆಗುವುದನ್ನು ಅವಳು ಮಾಡಿದಳು. ಏನು ಮಾಡುತ್ತಿದ್ದೇವೆ ಎಂದು ತಿಳಿದೂ ಸುಮ್ಮನಿದ್ದವಳು ನಾನು.

ಅಮ್ಮ ಮುಂದಿನ ಕೋಣೆಯಲ್ಲಿ ಸೀರೆ ಹರಡಿಕೊಂಡು ಕೂತಿದ್ದಳು. ಮಗುವನ್ನು ಎತ್ತಿಕೊಂಡೇ ಎದುರಿಗೆ ಹೋಗಿ ಕೂತೆ. ಡಾಕ್ಟರ್ ಅಂದದ್ದನ್ನೆಲ್ಲ ಹೇಳಿದೆ.

"ತಪ್ಪು ನಿಂದಲ್ಲಮ್ಮ. ಅವ್ರು ಕೇಳಿದ್ರು, ನಾನು ಸುಳ್ಳು ಹೇಳ್ದೆ. ಆಮೇಲೆ ನಿನ್ ಮೇಲೆ ಹಾಕ್ದೆ."

ಅಮ್ಮ ದಾರ ಕೆಳಗಿಟ್ಟಳು.

"ಆ ಬಟ್ಟೆ ಯಾಕೆ ಸುತ್ತಾರೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಲೋಕೇಶಪ್ಪಂಗೆ?"

"ಅವ್ರಿಗೂ ಗೊತ್ತಿತ್ತು. ಹಿಂದಿನ ದಿನ ಇಬ್ರನ್ನೂ ಕೂರಿಸ್ಕೊಂಡು ಹೇಳಿದ್ರು."

"ನಾನು ಕೇಳಿದ್ನಲ್ಲೇ ಅವತ್ತು, ಡಾಕ್ಟ್ರು ಏನಂದ್ರು ಅಂತ. ನಂಗ್ಯಾಕೆ ಹೇಳ್ಲಿಲ್ಲ?"

ನಿನಗೆ ಅರ್ಥವಾಗುವುದಿಲ್ಲ ಅಂದುಕೊಂಡೆ ಎಂದು ಹೇಳಲು ಬಾಯಿ ಬರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ಊರ ಮಕ್ಕಳಿಗೆಲ್ಲಾ ಪಾಠ ಹೇಳ್ತೀಯ," ಎಂದಳು. ಕಣ್ಣೀರು ಇಳಿಯಿತು. "ಒಂದ್ ಮಾತು ಹೇಳಿದ್ದಿದ್ರೆ ಆ ಸಿಸ್ಟರ್ ಕಟ್ಟಿದ್ದಕ್ಕಿಂತ ಬಿಗಿಯಾಗಿ ನಾನೇ ಕಟ್ತಿದ್ದೆ ಕಣೇ. ನೀನು ಎಷ್ಟ್ ಕೂಗ್ಕೊಂಡ್ರೂ ಬಿಡ್ತಿರ್ಲಿಲ್ಲ."

ಅಮ್ಮ ಅಳುವುದನ್ನು ಅಪ್ಪ ಹೋದ ಮೇಲೆ ನಾನು ನೋಡಿರಲಿಲ್ಲ. ನಾನೂ ಅತ್ತೆ. ನಮ್ಮಿಬ್ಬರ ಗಲಾಟೆಗೆ ಮಗು ಎದ್ದು, ಅದೂ ಕಿರುಚತೊಡಗಿತು.

ಈಗ ಮಗುವಿಗೆ ಆರು ವಾರ. ತೂಕ ಸರಿಯಾಗಿ ಏರುತ್ತಿದೆ, ದೀಪದ ಕಡೆ ತಿರುಗುತ್ತಾಳೆ, ಸದ್ದಾದರೆ ಬೆಚ್ಚುತ್ತಾಳೆ, ಎಲ್ಲವೂ ಆಗಬೇಕಾದ ಹಾಗೇ ಇದೆ ಎಂದು ಮಕ್ಕಳ ಡಾಕ್ಟರ್ ಹೇಳಿದ್ದಾರೆ. ನನಗೆ ಪೂರ್ತಿ ಧೈರ್ಯ ಇನ್ನೂ ಬಂದಿಲ್ಲ. ಅವಳು ನಿದ್ದೆಯಲ್ಲಿದ್ದಾಗ ಹೋಗಿ ಹೋಗಿ ಉಸಿರು ನೋಡುತ್ತೇನೆ. ಆ ಥಿಯೇಟರಿನಲ್ಲಿ ನನ್ನ ಆಕಳಿಕೆ ನೋಡಿಯೇ ಬಿಪಿ ಇಳಿಯುತ್ತಿದೆ ಎಂದು ತಿಳಿದು ಮಾನಿಟರ್ ಕಡೆ ತಿರುಗಿದ ಆ ಡಾಕ್ಟರಿಗೆ ನಾನು ಋಣಿ. ನಾನು ಮುಚ್ಚಿಟ್ಟದ್ದನ್ನೂ ಸೇರಿಸಿ ಅವರು ನನ್ನನ್ನು ಉಳಿಸಿದರು.

ನಾವಿಬ್ಬರೂ ಅತ್ತ ಆ ಮಧ್ಯಾಹ್ನ ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಸೀರೆಯನ್ನು ಪಕ್ಕಕ್ಕೆ ಸರಿಸಿ, ಮಡಿಲು ಸರಿಮಾಡಿಕೊಂಡು ಎರಡೂ ಕೈ ಚಾಚಿದಳು.

"ಕೊಡು ಇಲ್ಲಿ," ಎಂದಳು. ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು, ಅದರ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಮಗು ಸುಮ್ಮನಾಯಿತು. "ಈಗ ಹೇಳು. ಅಲ್ಲಿ ಏನೇನಾಯ್ತು, ಯಾಕಾಯ್ತು, ಒಂದೂ ಬಿಡ್ದೆ ಹೇಳು."

ಬಿಪಿ ಎಂದರೇನು ಎನ್ನುವಲ್ಲಿಂದ ಶುರು ಮಾಡಿದೆ.